ಹಳೆಯ ಯುದ್ಧವಿಮಾನಗಳಿಗೆ ಹೊಸ ಕಿಟ್ ಯಾವಾಗ? ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಲಾಸ್ಟಿಕ್ ಮಾದರಿ ವಿಮಾನ ಕಟ್ಟುವವರು ಇಬ್ಬರು ಸೇರಿದರೆ ಮಾತು ಎಲ್ಲಿ ಸುತ್ತಿದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಆ ವಿಮಾನಕ್ಕೆ ಒಳ್ಳೆಯ ಕಿಟ್ (ಅಂಟಿಸಿ ಕಟ್ಟುವ ಬಿಡಿಭಾಗಗಳ ಪೆಟ್ಟಿಗೆ) ಯಾವಾಗ ಬರುತ್ತದೆ? ಪ್ರತಿಯೊಬ್ಬರ ಮನಸ್ಸಿನಲ್ಲೂ ಒಂದು ಪಟ್ಟಿ ಇರುತ್ತದೆ. ನನ್ನಲ್ಲಿಯೂ ಇದೆ, ಅದನ್ನು ಕೆಳಗೆ ಬಿಚ್ಚಿಡುತ್ತೇನೆ. ಆದರೆ ಅದಕ್ಕೂ ಮೊದಲು ಒಂದು ಮಾತು ಹೇಳಬೇಕು. ಯಾವ ವಿಮಾನಕ್ಕೆ ಕಿಟ್ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂಬುದನ್ನು ವಿಮಾನದ ಕೀರ್ತಿಗಿಂತ ಹೆಚ್ಚಾಗಿ ತೀರ್ಮಾನಿಸುವುದು ಪ್ಲಾಸ್ಟಿಕ್ ಭಾಗಗಳು ರೂಪುಗೊಳ್ಳುವ ಉಕ್ಕಿನ ಅಚ್ಚು. ಅಚ್ಚಿನ ಲೆಕ್ಕ ತಿಳಿದರೆ ಯಾವ ಆಸೆ ಬೇಗ ಕೈಗೂಡಬಹುದು, ಯಾವುದು ಇನ್ನೂ ಕಾಯಿಸುತ್ತದೆ ಎಂಬುದು ತಾನಾಗಿ ಕಾಣುತ್ತದೆ.

ಹೊಸ ಪೆಟ್ಟಿಗೆ ಬಂದರೆ ಅದು ಹೊಸ ಕಿಟ್ ಅಲ್ಲವೇ?

ಎಷ್ಟೋ ಸಲ ಅಲ್ಲ. ಪೆಟ್ಟಿಗೆಯ ಮೇಲಿನ ಚಿತ್ರ, ಡೆಕಾಲ್ ಹಾಳೆ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತು, ಲಾಂಛನಗಳು), ಕಿಟ್ ಸಂಖ್ಯೆ ಎಲ್ಲವೂ ಹೊಸದಾಗಿದ್ದು, ಒಳಗಿನ ಪ್ಲಾಸ್ಟಿಕ್ ಮಾತ್ರ ನಲವತ್ತು ವರ್ಷ ಹಳೆಯ ಅಚ್ಚಿನಿಂದ ಬಂದಿರಬಹುದು. ಬರೀ ಮರುಬಿಡುಗಡೆ ಒಂದು ಬಗೆ. ಹಳೆಯ ಅಚ್ಚಿಗೆ ಕೆಲವು ಹೊಸ ಭಾಗ ಸೇರಿಸಿದ್ದು ಇನ್ನೊಂದು. ಬೇರೊಂದು ಸಂಸ್ಥೆಯ ಅಚ್ಚಿನ ಭಾಗಗಳನ್ನು ತನ್ನ ಪೆಟ್ಟಿಗೆಯಲ್ಲಿ ತುಂಬಿ ಮಾರುವುದು ಮತ್ತೊಂದು. ಈ ಪುಟದಲ್ಲಿ ನಾನು ಹೊಸ ಕಿಟ್ ಎನ್ನುವುದು ಮೊದಲ ಗೆರೆಯಿಂದ ಹೊಸದಾಗಿ ವಿನ್ಯಾಸ ಮಾಡಿ ಕೊರೆದ ಅಚ್ಚಿನ ಕಿಟ್‌ಗೆ ಮಾತ್ರ.

ಗುರುತು ಹಿಡಿಯುವುದು ಕಷ್ಟವಲ್ಲ. ಭಾಗಗಳನ್ನು ಹಿಡಿದಿಟ್ಟಿರುವ ಸ್ಪ್ರೂ ಚೌಕಟ್ಟಿನ ಮೇಲೆ ಸಾಮಾನ್ಯವಾಗಿ ಇಸವಿ ಕೆತ್ತಿರುತ್ತದೆ. ಪ್ಯಾನೆಲ್ ಗೆರೆಗಳು, ಅಂದರೆ ವಿಮಾನದ ತಗಡುಗಳು ಸೇರುವ ಗೆರೆಗಳು, ತಗ್ಗಿನಲ್ಲಿ ಇಲ್ಲದೆ ಉಬ್ಬಿಕೊಂಡಿದ್ದರೆ ಅಚ್ಚು ಬಹುಮಟ್ಟಿಗೆ 1980ರ ದಶಕದ್ದು ಅಥವಾ ಅದಕ್ಕೂ ಹಿಂದಿನದು. ಭಾಗಗಳ ಅಂಚಿನಲ್ಲಿ ತೆಳುವಾದ ಪ್ಲಾಸ್ಟಿಕ್ ಪೊರೆ ಹೊರಚಾಚಿದ್ದರೆ ಅಚ್ಚು ಸವೆದಿದೆ ಎಂದರ್ಥ.

ಸ್ಪಿಟ್‌ಫೈರ್, ಮೆಸ್ಸರ್‌ಶ್ಮಿಟ್ 109 ಕಿಟ್‌ಗಳು ರಾಶಿ ಬಿದ್ದಿವೆ. ಮತ್ತೆ ಮತ್ತೆ ಅವೇ ಏಕೆ?

ಅವು ಮಾರಾಟವಾಗುತ್ತವೆ ಎಂಬುದು ಅರ್ಧ ಉತ್ತರ. ಬ್ರಿಟನ್ನಿನ ಕಿಟ್ ಸಂಸ್ಥೆ ಏರ್‌ಫಿಕ್ಸ್ ತನ್ನ ಮೊದಲ ವಿಮಾನ ಕಿಟ್ ಆಗಿ 1953ರಲ್ಲಿ ಹೊರತಂದದ್ದೇ ಸ್ಪಿಟ್‌ಫೈರ್. ಅಂದಿನಿಂದ ಆ ವಿಮಾನ ಯಾವುದಾದರೊಂದು ಪೆಟ್ಟಿಗೆಯಲ್ಲಿ ಸಿಗುತ್ತಲೇ ಬಂದಿದೆ.

ಇನ್ನರ್ಧ ಉತ್ತರ ಹೆಚ್ಚು ಮುಖ್ಯ. 20,000ಕ್ಕೂ ಹೆಚ್ಚು ಸ್ಪಿಟ್‌ಫೈರ್‌ಗಳು ತಯಾರಾದವು. ಮೆರ್ಲಿನ್ ಎಂಜಿನ್‌ನಿಂದ ಗ್ರಿಫನ್ ಎಂಜಿನ್‌ವರೆಗೆ, ಮಾರ್ಕ್ (ರೂಪಾಂತರದ ಕ್ರಮಸಂಖ್ಯೆ) 1ರಿಂದ 24ರವರೆಗೆ ಅದರ ಮೈ ಬೆಳೆಯುತ್ತ ಹೋಯಿತು. ಒಂದು ರೆಕ್ಕೆಯ ಅಚ್ಚು ಹಲವು ಮಾರ್ಕ್‌ಗಳಿಗೆ ಆಗುತ್ತದೆ. ಮೂತಿ, ಪ್ರೊಪೆಲ್ಲರ್, ಚುಕ್ಕಾಣಿ ಬದಲಿಸಿದರೆ ಇನ್ನೊಂದು ಪೆಟ್ಟಿಗೆ ಸಿದ್ಧ. ಜಪಾನಿನ ತಮಿಯಾ ಸಂಸ್ಥೆ 1990ರ ದಶಕದಲ್ಲಿ 1/48 ಸ್ಕೇಲ್‌ನ (ನಿಜ ವಿಮಾನದ 48ನೇ ಒಂದು ಅಳತೆಯ) ಸ್ಪಿಟ್‌ಫೈರ್ ಮಾರ್ಕ್ 1 ಮಾಡಿತ್ತು. 2018ರಲ್ಲಿ ಅದೇ ವಿಮಾನವನ್ನು ಮೊದಲಿನಿಂದ ಮತ್ತೆ ಮಾಡಿತು. ಈಗಾಗಲೇ ಇರುವ ವಿಮಾನವನ್ನೇ ಮತ್ತೆ ಮಾಡಿದರೆಂದು ಕೊರಗುವವರ ಜೊತೆ ನಾನು ಪೂರ್ತಿ ಸೇರುವುದಿಲ್ಲ. ಇಪ್ಪತ್ತೈದು ವರ್ಷಗಳಲ್ಲಿ ಅಚ್ಚು ಕೊರೆಯುವ ವಿದ್ಯೆ ಎಷ್ಟು ಮುಂದೆ ಬಂದಿದೆ ಎಂಬುದನ್ನು ಆ ಎರಡು ಕಿಟ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರೇ ಹೇಳಬೇಕು.

ಯಾವ ವಿಮಾನ ಮಾಡಬೇಕೆಂದು ಸಂಸ್ಥೆಗಳು ಹೇಗೆ ತೀರ್ಮಾನಿಸುತ್ತವೆ?

ವಿಮಾನದ ವಂಶವೃಕ್ಷ ನೋಡಿ. ಅಚ್ಚಿಗೆ ಸುರಿದ ಹಣ ಒಂದೇ ಪೆಟ್ಟಿಗೆಯಿಂದ ಹಿಂತಿರುಗುವುದು ಕಷ್ಟ. ಅದೇ ಅಚ್ಚಿನಿಂದ ಐದಾರು ಪೆಟ್ಟಿಗೆ ಹೊರಡಬೇಕು. ಆದ್ದರಿಂದ ಅವರು ಕೇಳುವ ಮೊದಲ ಪ್ರಶ್ನೆ: ಈ ವಿಮಾನಕ್ಕೆ ಎಷ್ಟು ರೂಪಾಂತರಗಳಿವೆ, ಅವುಗಳಲ್ಲಿ ಎಷ್ಟು ಭಾಗ ಸಮಾನ? ಎರಡನೆಯದು: ಎಷ್ಟು ದೇಶಗಳ ವಾಯುಪಡೆಗಳು ಹಾರಿಸಿದವು, ಎಂತೆಂಥ ಬಣ್ಣಗಳಲ್ಲಿ?

ಮಿಗ್-21 ತೆಗೆದುಕೊಳ್ಳಿ. ಐವತ್ತಕ್ಕೂ ಹೆಚ್ಚು ದೇಶಗಳಲ್ಲಿ ಹಾರಿದ ವಿಮಾನ. ಜೆಕ್ ಸಂಸ್ಥೆ ಎಡ್ವಾರ್ಡ್ 2011ರಲ್ಲಿ 1/48ರಲ್ಲಿ ಎಂಎಫ್ ರೂಪವನ್ನು ಹೊರತಂದಿತು. ಬೆನ್ನಿನ ಉಬ್ಬು ಮತ್ತಿತರ ಭಾಗಗಳನ್ನು ಬದಲಿಸುತ್ತ ಎಸ್‌ಎಂಟಿ, ಬಿಸ್, ಪಿಎಫ್‌ಎಂ ಪೆಟ್ಟಿಗೆಗಳು ಹಿಂಬಾಲಿಸಿದವು. ಇದೇ ಕುಟುಂಬದ ಹಿರಿಯ ಎಫ್-13ರ ಕಥೆ ಬೇರೆ: ಅದರ ಮೂತಿಯ ಗಾಳಿಬಾಯಿ ಚಿಕ್ಕದು, ನಿಂತ ಬಾಲ ಕಿರಿದು, ಕ್ಯಾನಪಿ (ಪೈಲಟ್ ಮೇಲಿನ ಪಾರದರ್ಶಕ ಮುಚ್ಚಳ) ಮುಂಭಾಗದ ಕೀಲಿನ ಮೇಲೆ ಮುಂದಕ್ಕೆ ತೆರೆಯುತ್ತದೆ. ಹೆಸರು ಒಂದೇ ಆದರೂ ಅಚ್ಚಿನ ಕಣ್ಣಿಗೆ ಅದು ಇನ್ನೊಂದು ವಿಮಾನ.

ವಂಶವೃಕ್ಷವನ್ನು ಒಂದೇ ಅಚ್ಚಿನಲ್ಲಿ ಹಿಡಿಯಲು ಹೊರಟರೆ ಕಟ್ಟುವವರ ಕೆಲಸ ಹೆಚ್ಚುತ್ತದೆ. ಜಪಾನಿನ ಹಾಸೆಗಾವಾ ಸಂಸ್ಥೆಯ 1/48 ಟೈಫೂನ್ (ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ) ಇದಕ್ಕೆ ಒಳ್ಳೆಯ ಉದಾಹರಣೆ. ಟೈಫೂನ್‌ಗೆ ಮೊದಲು ಕಾರಿನಂತೆ ಪಕ್ಕಕ್ಕೆ ತೆರೆಯುವ ಬಾಗಿಲಿತ್ತು, ಆಮೇಲೆ ಗುಳ್ಳೆಯಾಕಾರದ ಜಾರು ಕ್ಯಾನಪಿ ಬಂತು. ಎರಡನ್ನೂ ಒಂದೇ ಮೈಯಿಂದ ಪಡೆಯಲು ಕಾಕ್‌ಪಿಟ್ ಸುತ್ತಲಿನ ಭಾಗವನ್ನೇ ಬೇರೆ ತುಂಡಾಗಿ ಕೊಟ್ಟರು. ಕಟ್ಟುವವರು ಆ ತುಂಡಿನ ಅಂಚನ್ನು ಮೈಗೆ ಸೇರಿಸಿ, ಸಂದು ಮುಚ್ಚಿ, ತಿಕ್ಕಿ, ಅಳಿಸಿಹೋದ ಪ್ಯಾನೆಲ್ ಗೆರೆಗಳನ್ನು ಮತ್ತೆ ಕೊರೆಯಬೇಕು. ಅದೇ ಸಂಸ್ಥೆಯ ಪಿ-40ರಲ್ಲಿಯೂ ಗಿಡ್ಡ ಬಾಲ, ಉದ್ದ ಬಾಲ ಎರಡಕ್ಕೂ ಅನುಕೂಲವಾಗಲೆಂದು ಮೈಯ ಹಿಂಭಾಗ ತುಂಡಾಗಿದೆ. ಹೊಸ ಕಿಟ್ ಬೇಕೆಂದು ನಾವು ಕೇಳುವಾಗ ಈ ತುಂಡುಗಳಿಲ್ಲದ ಕಿಟ್ ಬೇಕೆಂದು ಕೇಳುತ್ತಿರುತ್ತೇವೆ. ಈಗ ಎಷ್ಟೋ ಸಂಸ್ಥೆಗಳು ರೂಪಾಂತರಕ್ಕೊಂದರಂತೆ ಇಡೀ ಮೈಯನ್ನೇ ಬೇರೆಯಾಗಿ ಅಚ್ಚು ಮಾಡುತ್ತಿರುವುದು ನನಗೆ ಬಹಳ ಸಂತೋಷ ಕೊಟ್ಟ ಬದಲಾವಣೆ.

ಕಂಪ್ಯೂಟರ್ ಇರುವ ಕಾಲದಲ್ಲಿ ಒಂದು ಕಿಟ್‌ಗೆ ವರ್ಷಗಟ್ಟಲೆ ಏಕೆ ಬೇಕು?

ಮೊದಲು ಆಕರ ಹುಡುಕಾಟ: ಕಾರ್ಖಾನೆಯ ನಕ್ಷೆ, ದುರಸ್ತಿ ಕೈಪಿಡಿ, ಫೋಟೋ, ಸಂಗ್ರಹಾಲಯದಲ್ಲಿ ಉಳಿದಿರುವ ವಿಮಾನದ ಅಳತೆ. ನಂತರ ಕಂಪ್ಯೂಟರಿನಲ್ಲಿ ಇಡೀ ವಿಮಾನದ ರೂಪ. ಅಸಲಿ ಜಾಣ್ಮೆ ಬೇಕಾಗುವುದು ಇದಾದ ಮೇಲೆ, ಆ ರೂಪವನ್ನು ಅಚ್ಚಿನಿಂದ ಬಿಡಿಸಿ ತೆಗೆಯಬಹುದಾದ ಭಾಗಗಳಾಗಿ ಒಡೆಯುವಾಗ.

ಅಚ್ಚು ಎರಡು ಉಕ್ಕಿನ ದಿಮ್ಮಿ. ಕಾದ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಒತ್ತಡದಲ್ಲಿ ಒಳನುಗ್ಗಿ ತಣಿದ ಮೇಲೆ ಎರಡೂ ನೇರವಾಗಿ ಬೇರೆಯಾಗಬೇಕು. ವಿಮಾನದ ಮೈಯ ಎಡಭಾಗವನ್ನು ಪಕ್ಕಕ್ಕೆ ಮಲಗಿಸಿ ಅಚ್ಚು ಮಾಡಿದ್ದಾರೆ ಎಂದುಕೊಳ್ಳಿ. ನಡುವಿನ ರಿವೆಟ್‌ಗಳು (ತಗಡು ಬಿಗಿಯುವ ಮೊಳೆಗಳ ಗುರುತು) ಚೊಕ್ಕವಾಗಿ ಮೂಡುತ್ತವೆ. ಮೈ ಬಾಗಿ ಬೆನ್ನಿನ ಕಡೆಗೂ ಹೊಟ್ಟೆಯ ಕಡೆಗೂ ಹೋದಂತೆ, ಅಚ್ಚು ಎಳೆಯುವ ದಿಕ್ಕಿಗೆ ಮೇಲ್ಮೈ ಸಮಾನಾಂತರವಾಗುತ್ತ, ಗೆರೆಗಳು ತೆಳುವಾಗಿ ಕೊನೆಗೆ ಮಾಯವಾಗುತ್ತವೆ. ಹಳೆಯ ಕಿಟ್ ಒಂದನ್ನು ದೀಪದ ಕೆಳಗೆ ತಿರುಗಿಸಿ ನೋಡಿ, ಇದು ಕಣ್ಣಿಗೆ ಹೊಡೆದು ಕಾಣುತ್ತದೆ. ಇದನ್ನು ತಪ್ಪಿಸಲು ಬೆನ್ನಿನ ಭಾಗವನ್ನು ಪ್ರತ್ಯೇಕ ತುಂಡಾಗಿ ಕೊಡಬೇಕು, ಇಲ್ಲವೇ ಪಕ್ಕದಿಂದ ಜಾರಿ ಬರುವ ಮೂರನೆಯ ಉಕ್ಕಿನ ತುಂಡನ್ನು ಅಚ್ಚಿಗೆ ಸೇರಿಸಬೇಕು. ಬಂದೂಕಿನ ನಳಿಕೆಯ ತುದಿಯಲ್ಲಿ ತೂತು, ಒಂದೇ ತುಂಡಿನ ಎಂಜಿನ್ ಹೊದಿಕೆ ಇವೆಲ್ಲ ಸಾಧ್ಯವಾದದ್ದು ಈ ಜಾರು ಅಚ್ಚಿನಿಂದ.

ಆಮೇಲೆ ಪರೀಕ್ಷಾ ಪ್ರತಿಗಳು, ತಿದ್ದುಪಡಿಗಳು. ತಿದ್ದುಪಡಿಯಲ್ಲೂ ಒಂದು ಸೂಕ್ಷ್ಮವಿದೆ. ಅಚ್ಚಿನಿಂದ ಉಕ್ಕನ್ನು ಇನ್ನಷ್ಟು ಕೆರೆದು ತೆಗೆಯುವುದು ಸುಲಭ, ಸೇರಿಸುವುದು ಕಷ್ಟ. ಅಚ್ಚಿನಲ್ಲಿ ಉಕ್ಕು ಕಡಿಮೆಯಾದರೆ ಭಾಗದಲ್ಲಿ ಪ್ಲಾಸ್ಟಿಕ್ ಹೆಚ್ಚಾಗುತ್ತದೆ. ಹಾಗಾಗಿ ಸಣಕಲಾಗಿ ಬಂದ ಮೂತಿಯನ್ನು ದಪ್ಪ ಮಾಡಬಹುದು; ದಪ್ಪಗೆ ಬಂದ ಮೂತಿಯನ್ನು ಸಪೂರ ಮಾಡಬೇಕಾದರೆ ಅಚ್ಚಿಗೆ ಬೆಸುಗೆ ಹಾಕಬೇಕು, ಇಲ್ಲವೇ ಆ ತುಂಡನ್ನು ಎಸೆದು ಹೊಸದಾಗಿ ಕೊರೆಯಬೇಕು. ಬಿಡುಗಡೆಗೆ ಮೊದಲೇ ಕಂಡ ತಪ್ಪೂ ಕೆಲವೊಮ್ಮೆ ಹಾಗೆಯೇ ಉಳಿದುಬಿಡುವುದಕ್ಕೆ ಇದೊಂದು ಕಾರಣ.

ಇಷ್ಟೆಲ್ಲ ಮಾಡಿಯೂ ಆಕಾರ ತಪ್ಪುವುದು ಹೇಗೆ?

ಆಕರವೇ ತಪ್ಪಿದ್ದರೆ ಕಂಪ್ಯೂಟರ್ ಏನು ಮಾಡೀತು? ಪುಸ್ತಕಗಳಲ್ಲಿ ಅಚ್ಚಾದ ನಕ್ಷೆಗಳು ಒಂದರಿಂದ ಇನ್ನೊಂದಕ್ಕೆ ನಕಲಾಗುತ್ತ ಬಂದಿವೆ. ಮೊದಲ ಚಿತ್ರಕಾರರ ಊಹೆ ಮೂರನೆಯ ಪುಸ್ತಕದ ಹೊತ್ತಿಗೆ ಸತ್ಯವಾಗಿರುತ್ತದೆ. ಫೋಟೋದಿಂದ ಅಳೆದರೆ ಲೆನ್ಸಿನ ಕೋನ ಮೋಸ ಮಾಡುತ್ತದೆ. ಸಂಗ್ರಹಾಲಯದ ವಿಮಾನವನ್ನು ಅಳೆದರೆ, ಜೀರ್ಣೋದ್ಧಾರ ಮಾಡಿದವರು ಬೇರೆ ಮಾರ್ಕ್‌ನ ಬಾಲ ಹಾಕಿರಬಹುದು.

ಅಳೆಯಲು ವಿಮಾನವೇ ಉಳಿಯದಿದ್ದರೆ ಪಾಡು ಇನ್ನೂ ಕಠಿಣ. ವೆಸ್ಟ್‌ಲ್ಯಾಂಡ್ ವರ್ಲ್‌ವಿಂಡ್ ಎಂಬ ಎರಡು ಎಂಜಿನ್‌ನ ಚೆಲುವೆಯಂಥ ವಿಮಾನ ಮೂಲಮಾದರಿಗಳೂ ಸೇರಿ ಸುಮಾರು 115 ಮಾತ್ರ ತಯಾರಾಯಿತು, ಒಂದೂ ಉಳಿದಿಲ್ಲ. 3,300ಕ್ಕೂ ಹೆಚ್ಚು ತಯಾರಾದ ಟೈಫೂನ್‌ನಲ್ಲಿ ಇಡಿಯಾಗಿ ಉಳಿದದ್ದು ಎಂಎನ್235 ಸಂಖ್ಯೆಯ ಒಂದೇ ಒಂದು, ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಸಂಗ್ರಹಾಲಯದ ಆಸ್ತಿ.

ತಪ್ಪಾದಾಗ ಏನು ಮಾಡಬೇಕೆಂಬುದಕ್ಕೆ ಎಡ್ವಾರ್ಡ್ ಒಂದು ಒಳ್ಳೆಯ ಮಾದರಿ ಹಾಕಿಕೊಟ್ಟಿತು. 2014ರಲ್ಲಿ ಬಂದ ಅವರ 1/48 ಮೆಸ್ಸರ್‌ಶ್ಮಿಟ್ 109ಜಿ-6 ಅಳತೆಯಲ್ಲಿ ಇರಬೇಕಾದುದಕ್ಕಿಂತ ದೊಡ್ಡದಾಗಿತ್ತು. ವಿವರಗಳು ಚೆನ್ನಾಗಿದ್ದವು, ಜೋಡಣೆ ಚೆನ್ನಾಗಿತ್ತು, ಆದರೆ ಅಳತೆಪಟ್ಟಿ ಸುಳ್ಳು ಹೇಳುವುದಿಲ್ಲ. ಸಂಸ್ಥೆ ಅದೇ ವಿಮಾನಕ್ಕೆ ಮತ್ತೊಮ್ಮೆ ಪೂರ್ತಿ ಹೊಸ ಅಚ್ಚು ಮಾಡಿತು. 2016ರಲ್ಲಿ ಸರಿಯಾದ ಅಳತೆಯ 109 ಬಂತು. ಆ ಒಂದು ನಿರ್ಧಾರಕ್ಕಾಗಿ ನಾನು ಅವರಿಗೆ ಇಂದಿಗೂ ಕೃತಜ್ಞ.

ಯಾವ ಸ್ಕೇಲ್‌ನಲ್ಲಿ ಆಸೆ ಇಟ್ಟುಕೊಳ್ಳುವುದು ಒಳ್ಳೆಯದು?

ಮೇಜಿನ ಅಳತೆ ನೋಡಿ ಹೇಳಬೇಕಾದ ಉತ್ತರ. 1/72ರಲ್ಲಿ ಆರು ಅಡಿ ಒಂದು ಇಂಚಾಗುತ್ತದೆ, 1/48ರಲ್ಲಿ ನಾಲ್ಕು ಅಡಿ. ಸ್ಪಿಟ್‌ಫೈರ್‌ನ ರೆಕ್ಕೆಗಳ ಅಗಲ 11.23 ಮೀಟರ್. ಅದು 1/72ರಲ್ಲಿ 15.6 ಸೆಂಟಿಮೀಟರ್, 1/48ರಲ್ಲಿ 23.4, 1/32ರಲ್ಲಿ 35, 1/24ರಲ್ಲಿ ಸುಮಾರು 47. ಇದು ಎರಡನೇ ಮಹಾಯುದ್ಧದ ಸಣ್ಣ ವಿಮಾನದ ಮಾತು. ಅಮೆರಿಕದ ಎಫ್-4 ಫ್ಯಾಂಟಮ್ ಜೆಟ್‌ನ ಉದ್ದ ಸುಮಾರು 19.2 ಮೀಟರ್, 1/32ರಲ್ಲಿ ಅದೊಂದೇ 60 ಸೆಂಟಿಮೀಟರ್ ಜಾಗ ಕೇಳುತ್ತದೆ.

ಜೆಟ್‌ಗಳಿಗೆ 1/48, ಹಳೆಯ ಪ್ರೊಪೆಲ್ಲರ್ ವಿಮಾನಗಳಿಗೆ 1/48 ಅಥವಾ 1/32 ಎಂಬುದು ನನ್ನ ಒಲವು. ಆದರೂ 1/72ನ್ನು ಕಡೆಗಣಿಸಬೇಡಿ. 1936ರಲ್ಲಿ ಫ್ರಾಗ್ ಸಂಸ್ಥೆಯ ಪೆಂಗ್ವಿನ್ ಸರಣಿಯಿಂದ ಪ್ಲಾಸ್ಟಿಕ್ ಕಿಟ್‌ಗಳು ಶುರುವಾದದ್ದೇ ಈ ಅಳತೆಯಲ್ಲಿ. ಪೋಲೆಂಡಿನ ಆರ್ಮಾ ಹಾಬಿಯ ಪಿ.11ಸಿ, ಹರಿಕೇನ್ ನೋಡಿದ ಮೇಲೆ, ಚಿಕ್ಕ ಅಳತೆ ಎಂದರೆ ಒರಟು ವಿವರ ಎಂಬ ಹಳೆಯ ಮಾತನ್ನು ಯಾರೂ ಆಡಲಾರರು. ಅಪರೂಪದ ವಿಮಾನಗಳಿಗೆ ಮೊದಲು ಅಚ್ಚು ಸಿಗುವುದೂ ಸಾಮಾನ್ಯವಾಗಿ ಇದೇ ಅಳತೆಯಲ್ಲಿ.

ನಿಮ್ಮ ಪಟ್ಟಿಯಲ್ಲಿ ಯಾವ ವಿಮಾನಗಳಿವೆ?

ಮೊದಲ ಹೆಸರು ಹಾಕರ್ ಟೈಫೂನ್, 1/48ರಲ್ಲಿ. ಹಾಸೆಗಾವಾದ ಕಿಟ್ 1990ರ ದಶಕದ್ದು. ಆ ಕಾಲಕ್ಕೆ ಒಳ್ಳೆಯ ಕೆಲಸ. ಈಗ ಮತ್ತೊಮ್ಮೆ ಮಾಡಬೇಕಾದ ವಿಮಾನ ಇದು. ವಂಶವೃಕ್ಷದ ಲೆಕ್ಕವೂ ಅನುಕೂಲವಾಗಿದೆ: ಕಾರಿನ ಬಾಗಿಲು ಮತ್ತು ಗುಳ್ಳೆ ಕ್ಯಾನಪಿ, ಮೂರಲಗು ಮತ್ತು ನಾಲ್ಕಲಗು ಪ್ರೊಪೆಲ್ಲರ್, ಮೊದಲಿನ ಬಾಲ ಮತ್ತು ಟೆಂಪೆಸ್ಟ್‌ನಿಂದ ಬಂದ ದೊಡ್ಡ ಬಾಲ, ಬಾಂಬು ಮತ್ತು ಎಂಟು ರಾಕೆಟ್. ರೆಕ್ಕೆ ಒಂದೇ. ಹೊಸ ಟೈಫೂನ್ ಬಂದರೆ ನಾನು ಮೊದಲು ನೋಡುವುದು ಬಾಲದ ಬುಡವನ್ನು. ಹಾರಾಟದಲ್ಲಿ ಬಾಲ ಕಳಚಿಹೋದ ದುರಂತಗಳ ನಂತರ, ಹಿಂಭಾಗದ ಕೀಲಿನ ಸುತ್ತ ಚಿಕ್ಕ ಚಿಕ್ಕ ಲೋಹದ ಪಟ್ಟಿಗಳನ್ನು ಸಾಲಾಗಿ ರಿವೆಟ್ ಹಾಕಿ ಕೂರಿಸಿದರು. ಆ ಪಟ್ಟಿಗಳು ನಿಜಕ್ಕೂ ಎಷ್ಟು ತೆಳುವೋ ಅಷ್ಟೇ ತೆಳುವಾಗಿ ಮೈಮೇಲೆ ಎದ್ದಿರಬೇಕು. ದಪ್ಪವಾದರೆ ಬೆಲ್ಟು ಕಟ್ಟಿದಂತೆ ಕಾಣುತ್ತದೆ, ಇಲ್ಲದಿದ್ದರೆ ಅದು ಟೈಫೂನ್ ಅನ್ನಿಸುವುದೇ ಇಲ್ಲ. ಅದರ ಗದ್ದದ ರೇಡಿಯೇಟರ್‌ನ ಬಾಯಿಯ ವಕ್ರತೆಯೂ ಅಷ್ಟೇ ಮುಖ್ಯ. ಇಡೀ ವಿಮಾನದ ಗುಣ ಆ ಗದ್ದದಲ್ಲಿದೆ.

ಎರಡನೆಯದು ಸಾಬ್ ಡ್ರಾಕೆನ್. 1955ರ ಅಕ್ಟೋಬರಿನಲ್ಲಿ ಮೊದಲು ಹಾರಿದ ಈ ಸ್ವೀಡಿಷ್ ಜೆಟ್‌ನ ಜೋಡಿ ತ್ರಿಕೋನ ರೆಕ್ಕೆ ಇಂದಿಗೂ ಹೊಸದಾಗಿಯೇ ಕಾಣುತ್ತದೆ. ಒಳರೆಕ್ಕೆ ಸುಮಾರು 80 ಡಿಗ್ರಿ ಹಿಂದಕ್ಕೆ ಬಾಗಿ ಗಾಳಿಬಾಯಿಯಿಂದಲೇ ಹೊರಡುತ್ತದೆ. ಹೊರರೆಕ್ಕೆ ಅದಕ್ಕಿಂತ ನೇರ. ಮೈ ಎಲ್ಲಿ ಮುಗಿದು ರೆಕ್ಕೆ ಎಲ್ಲಿ ಶುರುವಾಗುತ್ತದೆ ಎಂದು ಬೆರಳಿಟ್ಟು ತೋರಿಸಲಾಗದ ವಿಮಾನ. ಭಾಗಗಳಾಗಿ ಒಡೆಯುವುದು ಹಾಗಾಗಿಯೇ ಕಷ್ಟ. ಸ್ವೀಡನ್, ಡೆನ್ಮಾರ್ಕ್, ಫಿನ್‌ಲ್ಯಾಂಡ್, ಆಸ್ಟ್ರಿಯಾ ನಾಲ್ಕೂ ಇದನ್ನು ಹಾರಿಸಿದವು. ಆಸ್ಟ್ರಿಯಾ 2005ರವರೆಗೂ ಇಟ್ಟುಕೊಂಡಿತ್ತು. ಹಾಸೆಗಾವಾದ 1/48 ಕಿಟ್ 2000ರ ದಶಕದ್ದು. ಗಾಳಿನಾಳ ಆಳದವರೆಗೆ ಸಂದಿಲ್ಲದೆ ಸಾಗುವ, ನಾಲ್ಕೂ ದೇಶಗಳ ಡೆಕಾಲ್ ಇರುವ ಹೊಸ ಡ್ರಾಕೆನ್ ಬಂದರೆ ಒಂದಕ್ಕಿಂತ ಹೆಚ್ಚು ಕಟ್ಟುವವರಲ್ಲಿ ನಾನು ಮೊದಲಿಗ.

ಮೂರನೆಯದು ಎಫ್-105 ಥಂಡರ್‌ಚೀಫ್. ಇದರ ಹಾದಿ ಸುಗಮವಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. 833 ತಯಾರಾದವು, ಎಲ್ಲವೂ ಅಮೆರಿಕದ ವಾಯುಪಡೆಗೆ. ಎರಡು ಆಸನದ ರೂಪಕ್ಕೆ ಮೈ ಉದ್ದವಾಯಿತು, ಬಾಲ ಎತ್ತರವಾಯಿತು; ಅಂದರೆ ಅದಕ್ಕೆ ಹೊಸ ಮೈಯನ್ನೇ ಕೊರೆಯಬೇಕು. ಆದರೂ ಆ ಉದ್ದನೆಯ, ನಡುವಿನಲ್ಲಿ ಸೊಂಟದಂತೆ ಕಿರಿದಾಗುವ ಮೈ, ಎಲ್ಲ ವಿಮಾನಗಳಿಗೂ ವಿರುದ್ಧವಾಗಿ ಮುಂದಕ್ಕೆ ಚಾಚಿದ ಚೂಪು ಗಾಳಿಬಾಯಿಗಳು! 1/48ರಲ್ಲಿ ಅಮೆರಿಕದ ಮಾನೋಗ್ರಾಮ್ ಸಂಸ್ಥೆಯ ಹಳೆಯ ಕಿಟ್ ಉಬ್ಬುಗೆರೆಗಳದ್ದು. ವಿಯೆಟ್ನಾಂ ಯುದ್ಧದ ಇಷ್ಟು ಭಾರ ಹೊತ್ತ ವಿಮಾನಕ್ಕೆ ಇವತ್ತಿನ ವಿದ್ಯೆಯ ಅಚ್ಚು ಸಲ್ಲಬೇಕು.

ಉಳಿದಂತೆ ಅಮೆರಿಕದ ನೌಕಾಪಡೆಯ ಜೆಟ್ ಎಫ್-8 ಕ್ರುಸೇಡರ್ ಮತ್ತು ಎರಡು ಯುದ್ಧಗಳ ನಡುವಿನ ಜೋಡಿರೆಕ್ಕೆಯ ಹಾಕರ್ ಫ್ಯೂರಿ. ಕ್ರುಸೇಡರ್ ಇಳಿಯುವಾಗ ರೆಕ್ಕೆಯನ್ನೇ ಏಳು ಡಿಗ್ರಿ ಮೇಲೆತ್ತುತ್ತದೆ. ಎತ್ತಿದ ರೆಕ್ಕೆಯೂ ಇಳಿಸಿದ ರೆಕ್ಕೆಯೂ ಎರಡೂ ಭದ್ರವಾಗಿ ಕೂರುವ ಕಿಟ್ ಬೇಕು.

ಫ್ಯಾಂಟಮ್ ಏಕೆ ಪಟ್ಟಿಯಲ್ಲಿಲ್ಲ?

ಆ ಆಸೆ ಈಡೇರಿದೆ. 5,195 ತಯಾರಾದ, ಹತ್ತಾರು ದೇಶಗಳ ಬಣ್ಣ ತೊಟ್ಟ ವಿಮಾನಕ್ಕೆ ಬಹಳ ಕಾಲ 1980ರ ದಶಕದ ಅಚ್ಚುಗಳೇ ಆಸರೆಯಾಗಿದ್ದವು. ಆಮೇಲೆ ಜಪಾನಿನ ಜೌಕೈ-ಮುರಾ ಸಂಸ್ಥೆಯ ಕಿಟ್‌ಗಳು, 2021ರಲ್ಲಿ ತಮಿಯಾದ 1/48 ಎಫ್-4ಬಿ ಬಂದವು. ಹೊರರೆಕ್ಕೆ 12 ಡಿಗ್ರಿ ಮೇಲಕ್ಕೆ, ಬಾಲದ ಅಡ್ಡರೆಕ್ಕೆ 23 ಡಿಗ್ರಿ ಕೆಳಕ್ಕೆ. ಈ ಎರಡು ಕೋನಗಳಲ್ಲಿ ಒಂದು ತಪ್ಪಿದರೂ ಫ್ಯಾಂಟಮ್‌ನ ಮುಖಚಹರೆ ಕೆಡುತ್ತದೆ. ಅಂಟು ಒಣಗುವವರೆಗೆ ಕೈಯಲ್ಲಿ ಹಿಡಿದು ಕೂರದೆ, ಭಾಗಗಳೇ ಆ ಕೋನವನ್ನು ಹಿಡಿದುಕೊಳ್ಳುವಂತೆ ಮಾಡುವುದು ಹೊಸ ಕಾಲದ ಅಚ್ಚಿನ ಹೆಗ್ಗಳಿಕೆ.

ರಿವೆಟ್‌ಗಳು ಹೆಚ್ಚಿದ್ದಷ್ಟೂ ಕಿಟ್ ಒಳ್ಳೆಯದೇ?

ಇಲ್ಲ. ಒಂದು ಸಣ್ಣ ಲೆಕ್ಕ ಹಾಕಿ. 1/48ರ ಕಿಟ್‌ನಲ್ಲಿ ಪ್ಯಾನೆಲ್ ಗೆರೆ 0.2 ಮಿಲಿಮೀಟರ್ ಅಗಲವಿದ್ದರೆ ನಿಜವಾದ ವಿಮಾನದಲ್ಲಿ ಅದು 9.6 ಮಿಲಿಮೀಟರ್ ಆಯಿತು. ಅಂದರೆ ಕಿರುಬೆರಳು ತೂರುವಷ್ಟು ಬಿರುಕು. ನಿಜವಾದ ಸಂದು ಒಂದು ಮಿಲಿಮೀಟರ್ ಎಂದರೂ ಈ ಅಳತೆಯಲ್ಲಿ 0.02 ಮಾತ್ರ, ಅಚ್ಚಿನಲ್ಲಿ ಅದನ್ನು ಕೊರೆದರೂ ಬಣ್ಣದ ಮೊದಲ ಪದರದಲ್ಲೇ ಮುಚ್ಚಿಹೋಗುತ್ತದೆ. ಎಲ್ಲ ಕಿಟ್‌ಗಳೂ ಉತ್ಪ್ರೇಕ್ಷೆಯೇ. ಪ್ರಶ್ನೆ ಇರುವುದು ಹದದ್ದು. ತೆಗೆಯಬಹುದಾದ ಮುಚ್ಚಳದ ಗೆರೆ ಸ್ವಲ್ಪ ಆಳ, ತಗಡುಗಳ ಸಾಮಾನ್ಯ ಸೇರುವೆ ಅದಕ್ಕಿಂತ ನವಿರು, ರಿವೆಟ್ ಇನ್ನೂ ನವಿರು: ಈ ವ್ಯತ್ಯಾಸ ಇರುವ ಕಿಟ್ ಕಂಡರೆ ವಿನ್ಯಾಸಕಾರರು ವಿಮಾನವನ್ನು ಕಣ್ಣಾರೆ ನೋಡಿದ್ದಾರೆ ಎನ್ನಬಹುದು. ಸ್ಪಿಟ್‌ಫೈರ್ ಮಾರ್ಕ್ 1ರ ರೆಕ್ಕೆಯ ಮೇಲೆ ನುಣುಪು ರಿವೆಟ್, ಮೈಯ ಹಿಂಭಾಗದಲ್ಲಿ ಗುಂಡುತಲೆಯ ರಿವೆಟ್. ಎರಡನ್ನೂ ಒಂದೇ ಬಗೆಯ ತೂತುಗಳಾಗಿ ಕೊರೆದರೆ ಅದು ವಿವರವಲ್ಲ, ಅಲಂಕಾರ.

ರಿವೆಟ್‌ಗಿಂತ ಮೊದಲು ನಾನು ಕೇಳುವುದು ಆಕಾರ, ಆಮೇಲೆ ಜೋಡಣೆ. 2019ರ ತಮಿಯಾ ಪಿ-38 ಲೈಟ್ನಿಂಗ್ ನೋಡಿ. ಆ ವಿಮಾನಕ್ಕೆ ಎರಡು ಉದ್ದನೆಯ ಬೂಮ್‌ಗಳು (ಬಾಲವನ್ನು ಹೊರುವ ತೊಲೆಗಳು), ಮೂಗಿನಡಿ ಒಂದು ಚಕ್ರ. ಬೂಮ್‌ಗಳು ಕೂದಲೆಳೆಯಷ್ಟು ವಾಲಿದರೂ ಬಾಲ ಸೇರುವುದಿಲ್ಲ, ಮುಂದೆ ಭಾರ ಸಾಲದಿದ್ದರೆ ಹಿಂದಕ್ಕೆ ಕೂತುಬಿಡುತ್ತದೆ. ಅವರು ಭಾರಕ್ಕೆಂದು ಉಕ್ಕಿನ ಗುಂಡುಗಳನ್ನೇ ಪೆಟ್ಟಿಗೆಯಲ್ಲಿ ಇಟ್ಟು, ಅವು ಕೂರುವ ಗೂಡುಗಳನ್ನೂ ಒಳಗೆ ಮಾಡಿದ್ದರು. ಕಟ್ಟುವವರ ಕಷ್ಟವನ್ನು ವಿನ್ಯಾಸದ ಮೇಜಿನಲ್ಲೇ ಪರಿಹರಿಸುವುದು ಎಂದರೆ ಇದು.

ಮಿತ ಸಂಖ್ಯೆಯ ಅಚ್ಚಿನ ಕಿಟ್‌ಗಳನ್ನು ನಂಬಬಹುದೇ?

ಅಪರೂಪದ ವಿಮಾನ ಬೇಕಿದ್ದರೆ ನಂಬಲೇಬೇಕು. ಸ್ಪೆಷಲ್ ಹಾಬಿಯಂಥ ಸಂಸ್ಥೆಗಳು ಇಲ್ಲದಿದ್ದರೆ 1/32ರಲ್ಲಿ ವರ್ಲ್‌ವಿಂಡ್ ಸಿಗುತ್ತಿರಲಿಲ್ಲ. ಭಾಗಗಳಲ್ಲಿ ಕೂರಿಸುವ ಗೂಟಗಳು ಇರದಿರಬಹುದು, ಗೇಟುಗಳು (ಭಾಗವನ್ನು ಸ್ಪ್ರೂಗೆ ಸೇರಿಸುವ ಕೊಂಡಿಗಳು) ದಪ್ಪವಿರಬಹುದು. ಒಣದಾಗಿ ಜೋಡಿಸಿ ನೋಡಿ, ಕೆರೆದು, ಮತ್ತೆ ಜೋಡಿಸುವ ತಾಳ್ಮೆ ಬೇಕು.

3ಡಿ ಮುದ್ರಣ ಬಂದಾಯಿತಲ್ಲ, ಅಚ್ಚಿಗಾಗಿ ಏಕೆ ಕಾಯಬೇಕು?

ಆಸನ, ಎಂಜಿನ್, ನಿಷ್ಕಾಸ ಕೊಳವೆ, ಚಕ್ರ ಇವುಗಳಲ್ಲಿ ರೆಸಿನ್ ಮುದ್ರಣ ಅಚ್ಚನ್ನು ಆಗಲೇ ಹಿಂದೆ ಹಾಕಿದೆ. ಅಚ್ಚಿನಿಂದ ಬಿಡಿಸಿ ತೆಗೆಯಬೇಕೆಂಬ ಕಟ್ಟು ಅದಕ್ಕಿಲ್ಲ, ಆದ್ದರಿಂದ ಆಸನದ ಪಟ್ಟಿಯ ಬಕಲ್ ಕೂಡ ಮೂಡುತ್ತದೆ. ಇಡೀ ರೆಕ್ಕೆಯ ವಿಷಯ ಬೇರೆ. ಪದರಗಳ ಗೆರೆ ತಿಕ್ಕಿ ತೆಗೆಯಬೇಕು, ತೆಳು ಭಾಗಗಳು ಬಾಗುತ್ತವೆ, ಪಾಲಿಸ್ಟೈರೀನನ್ನು ಕರಗಿಸಿ ಒಂದಾಗಿಸುವ ಅಂಟು ರೆಸಿನ್‌ಗೆ ಹಿಡಿಯುವುದಿಲ್ಲ. ಪಾರದರ್ಶಕ ಕ್ಯಾನಪಿಯಂತೂ ಅಚ್ಚಿನದೇ ಚೆಂದ.

ಘೋಷಣೆಯಾದ ಕಿಟ್ ಬರದೇ ಹೋದರೆ?

ಹೆಸರು ಪ್ರಕಟವಾಗುವುದಕ್ಕೂ ಕಿಟ್ ಕೈಗೆ ಬರುವುದಕ್ಕೂ ನಡುವೆ ಬಹಳ ದೂರ. ಜರ್ಮನಿಯ ನ್ಯೂರೆಂಬರ್ಗ್ ಆಟಿಕೆ ಮೇಳ, ಜಪಾನಿನ ಶಿಜುಓಕಾ ಹಾಬಿ ಪ್ರದರ್ಶನ, ಇಂಗ್ಲೆಂಡಿನ ಟೆಲ್ಫರ್ಡ್‌ನಲ್ಲಿ ನವೆಂಬರಿನ ಮಾದರಿ ಮೇಳ: ಘೋಷಣೆಗಳು ಬರುವುದು ಹೆಚ್ಚಾಗಿ ಇಲ್ಲಿಂದ. ಬರೀ ಹೆಸರು ಬಂದಿದ್ದರೆ ಕಾಯಿರಿ. ಕಂಪ್ಯೂಟರ್ ಚಿತ್ರ ಬಂದಿದ್ದರೆ ಭರವಸೆ ಇಡಿ. ಪ್ಲಾಸ್ಟಿಕ್ ಪರೀಕ್ಷಾ ಪ್ರತಿಯ ಫೋಟೋ ಬಂದರೆ ಮಾತ್ರ ಕಪಾಟಿನಲ್ಲಿ ಜಾಗ ಮಾಡಿ.

ಸಂಸ್ಥೆ ಮುಚ್ಚಿದರೂ ಅಚ್ಚು ಸಾಯುವುದಿಲ್ಲ. ಮೊದಲ ಮಹಾಯುದ್ಧದ ವಿಮಾನಗಳನ್ನು 1/32ರಲ್ಲಿ ಅಪೂರ್ವವಾಗಿ ಮಾಡಿದ ನ್ಯೂಜಿಲೆಂಡಿನ ವಿಂಗ್‌ನಟ್ ವಿಂಗ್ಸ್ 2020ರಲ್ಲಿ ನಿಂತುಹೋಯಿತು. ಅವರು ಸಿದ್ಧಪಡಿಸುತ್ತಿದ್ದ ಫೋಕರ್ ಡಿಆರ್.1 ತ್ರಿಪದರ ರೆಕ್ಕೆಯ ವಿಮಾನ ಚೀನಾದ ಮೆಂಗ್ ಸಂಸ್ಥೆಯ ಹೆಸರಿನಲ್ಲಿ ಹೊರಬಂತು. 2018ರಲ್ಲಿ ಅಮೆರಿಕದ ರೆವೆಲ್ ಕುಸಿದಾಗಲೂ ಹಳೆಯ ಅಚ್ಚುಗಳಲ್ಲಿ ಅನೇಕವು ಅಟ್ಲಾಂಟಿಸ್ ಎಂಬ ಸಂಸ್ಥೆಯ ಕೈಸೇರಿ ಮತ್ತೆ ಪೆಟ್ಟಿಗೆಗಳಾದವು.

ಹೊಸದು ಬರುವವರೆಗೆ ಹಳೆಯ ಕಿಟ್ ಕಟ್ಟದೆ ಇಟ್ಟುಕೊಳ್ಳಲೇ?

ಬೇಡ, ಕಟ್ಟಿ. ಮಾನೋಗ್ರಾಮ್‌ನ 1970–80ರ ದಶಕದ 1/48 ಜೆಟ್‌ಗಳಲ್ಲಿ ಗೆರೆಗಳು ಉಬ್ಬಿದ್ದರೂ ಮೈಕಟ್ಟು ಎಷ್ಟೋ ಹೊಸ ಕಿಟ್‌ಗಳಿಗಿಂತ ನಿಜಕ್ಕೆ ಹತ್ತಿರ. ಡೆಕಾಲ್ ಮಾತ್ರ ಹಳದಿಯಾಗಿ, ನೀರಿಗೆ ಬಿಟ್ಟೊಡನೆ ಚೂರಾಗಬಹುದು. ಹೊಸ ಹಾಳೆ ತರಿಸಿಕೊಳ್ಳಿ.

ನಮ್ಮ ಆಸೆಯನ್ನು ಸಂಸ್ಥೆಗಳಿಗೆ ಮುಟ್ಟಿಸುವುದು ಹೇಗೆ?

ದಯವಿಟ್ಟು ಇದನ್ನು ಮಾಡಿ ಎಂಬ ಒಂದು ಸಾಲಿನಿಂದ ಏನೂ ಆಗುವುದಿಲ್ಲ. ಅವರ ಲೆಕ್ಕವನ್ನು ನೀವೇ ಹಾಕಿ ಕೊಡಿ. ಯಾವ ರೂಪಾಂತರಗಳು, ಅವುಗಳಲ್ಲಿ ಸಮಾನ ಭಾಗ ಯಾವುವು, ಎಷ್ಟು ವಾಯುಪಡೆಗಳು, ಈಗಿರುವ ಕಿಟ್ ಯಾವ ಕಾಲದ್ದು, ಅದರಲ್ಲಿ ಯಾವ ಆಕಾರ ತಪ್ಪಿದೆ ಎಂದು ಬರೆಯಿರಿ. ಉಳಿದಿರುವ ವಿಮಾನ ಎಲ್ಲಿದೆ, ಅದು ಯಾವ ರೂಪದ್ದು ಎಂದು ತಿಳಿಸಿ. ನೀವೇ ತೆಗೆದ ಫೋಟೋಗಳಿದ್ದರೆ ಅಳತೆಪಟ್ಟಿ ಇಟ್ಟು ತೆಗೆದವುಗಳನ್ನು ಕಳಿಸಿ: ಚಕ್ರದ ಗೂಡು, ಕ್ಯಾನಪಿಯ ಚೌಕಟ್ಟು, ರೆಕ್ಕೆಯ ಬುಡ. ಇಂಥ ಫೋಟೋಗಳ ಕೊರತೆ ವಿನ್ಯಾಸಕಾರರಿಗೆ ಯಾವಾಗಲೂ ಇದ್ದೇ ಇರುತ್ತದೆ.

ಹೊಸ ಕಿಟ್ ಬಂದ ಕೂಡಲೇ ಕೊಳ್ಳಬೇಕೇ?

ನಿಮಗೆ ಬೇಕಾದ ರೂಪಾಂತರವೇ ಮೊದಲ ಪೆಟ್ಟಿಗೆಯಲ್ಲಿ ಬಂದಿದ್ದರೆ ಕೊಳ್ಳಿ, ಅಚ್ಚು ಹೊಸದಿರುವಾಗ ಅಂಚುಗಳು ಅತ್ಯಂತ ಚೂಪಾಗಿರುತ್ತವೆ. ಇಲ್ಲದಿದ್ದರೆ ಸ್ಪ್ರೂಗಳನ್ನು ಗಮನಿಸಿ. ಈ ಪೆಟ್ಟಿಗೆಯಲ್ಲಿ ಬಳಸಬೇಡಿ ಎಂದು ಸೂಚನಾ ಹಾಳೆಯಲ್ಲಿ ಗುರುತು ಹಾಕಿದ ಭಾಗಗಳಿದ್ದರೆ, ಮುಂದಿನ ಪೆಟ್ಟಿಗೆ ಯಾವುದೆಂದು ಅವೇ ಹೇಳುತ್ತವೆ. ಪೆಟ್ಟಿಗೆ ತೆರೆದ ದಿನವೇ ಕ್ಯಾನಪಿಯನ್ನು ಬೆಳಕಿಗೆ ಹಿಡಿದು ಬಿರುಕಿದೆಯೇ, ರೆಕ್ಕೆಯ ತುದಿಗಳು ಪೂರ್ತಿ ತುಂಬಿವೆಯೇ, ಮೈಯ ಎರಡು ಭಾಗಗಳು ಬಾಗದೆ ಒಂದರ ಮೇಲೊಂದು ಕೂರುತ್ತವೆಯೇ ಎಂದು ನೋಡಿಕೊಳ್ಳಿ. ಬದಲಿ ಭಾಗ ಕೇಳುವುದಿದ್ದರೆ ಸ್ಪ್ರೂ ಅಕ್ಷರವನ್ನೂ ಭಾಗದ ಸಂಖ್ಯೆಯನ್ನೂ ಬರೆದು, ಫೋಟೋ ಸಮೇತ ತಡಮಾಡದೆ ಕಳಿಸಿ.